‘ಡಾಕ್ಟರ್ ಹೂ’ ಸರಣಿಯ ಮೂರನೇ ಸೀಸನ್‌ನಲ್ಲಿ ಅತ್ಯುತ್ತಮ ಕಂತುಗಳು ಯಾವುವು?

‘ಡಾಕ್ಟರ್’ ಎಂಬ ಕಾಲಯಾನಿಯ ಸಾಹಸಗಳನ್ನು ಹೇಳುವ ಬ್ರಿಟಿಷ್ ಟಿವಿ ಸರಣಿಯಿದು. 2007ರಲ್ಲಿ ಬಿಬಿಸಿಯಲ್ಲಿ ಪ್ರಸಾರವಾದ ಈ ಸೀಸನ್‌ನ 13 ಕಂತುಗಳಲ್ಲಿ ಮೊದಲ ಸ್ಥಾನವು, ನಾಯಕನೇ ಅಷ್ಟಾಗಿ ಕಾಣಿಸಿಕೊಳ್ಳದ ‘ಬ್ಲಿಂಕ್’ಗೆ ಸಲ್ಲಬೇಕು. ಪಾಳುಮನೆಯೊಂದರ ವಾಲ್‌ಪೇಪರ್ ಕಿತ್ತಾಗ, 1969ರಲ್ಲಿ ಬರೆದ ಎಚ್ಚರಿಕೆಯಲ್ಲಿ ತನ್ನದೇ ಹೆಸರು ಕಂಡು ಸ್ಯಾಲಿ ಸ್ಪ್ಯಾರೋ ಬೆಚ್ಚುವ ಆರಂಭದಿಂದ ಕೊನೆಯವರೆಗೆ, ಕಾರಣಕ್ಕಿಂತ ಮೊದಲು ಪರಿಣಾಮವೇ ಎದುರಾಗುವ ಕಾಲಯಾನದ ತರ್ಕವನ್ನು ಕಥೆ ಎಲ್ಲಿಯೂ ಸಡಿಲಬಿಡುವುದಿಲ್ಲ; 2008ರಲ್ಲಿ ಇದಕ್ಕೆ ವೈಜ್ಞಾನಿಕ ಕಲ್ಪನೆಯ ಕೃತಿಗಳಿಗೆ ಸಲ್ಲುವ ಹ್ಯೂಗೋ ಪ್ರಶಸ್ತಿಯೂ ಬಂದಿತು.

ಎರಡನೆಯದು, 1913ರ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಡಾಕ್ಟರ್ ತಾನಾರೆಂಬುದನ್ನೇ ಮರೆತು ಮೇಷ್ಟರಾಗಿ ಬಾಳುವ ‘ಹ್ಯೂಮನ್ ನೇಚರ್’ ಮತ್ತು ಅದರ ಮುಂದುವರಿಕೆ. ಡಾಕ್ಟರ್ ಪಾತ್ರಧಾರಿ ಡೇವಿಡ್ ಟೆನೆಂಟ್ ಅವರ ಅಭಿನಯವನ್ನಷ್ಟೇ ನೋಡುವುದಾದರೆ ಇದೇ ಒಂದು ಕೈ ಮೇಲು. ಡೆರೆಕ್ ಜೇಕೋಬಿ ಅವರ ಸಾಧು ಪ್ರೊಫೆಸರ್ ಕಣ್ಣೆದುರೇ ಖಳನಾಗಿ ಬದಲಾಗುವ ‘ಯುಟೋಪಿಯಾ’ ಮೂರನೆಯದು. ನ್ಯೂಯಾರ್ಕಿನಲ್ಲಿ ನಡೆಯುವ, ಅನ್ಯಗ್ರಹದ ವೈರಿಗಳಾದ ಡಾಲೆಕ್‌ಗಳ ಜೋಡಿ ಕಂತನ್ನು ಬಿಟ್ಟರೂ ನಷ್ಟವೇನಿಲ್ಲ.