ಜಾಡಿ ಮುಂದೆ ಬರಲಿ, ಇಟಲಿ ಬೇಡ

ನಮಸ್ಕಾರ. ಡ್ಯೂರಮ್ ಅನ್ನೋ ಗಟ್ಟಿ ಕಾಳಿನ ಗೋಧಿಯ ಹೊಸ ತಳಿ ಮಾಡುವಾಗ ಗ್ಲುಟನ್ (ನಾದಿದ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಬಲವನ್ನು ಹೇಗೆ ಪರೀಕ್ಷಿಸುತ್ತಾರೆ ಅಂತ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕೋಕೆ ಆಗಲ್ಲ. ವಿಷಯ ಮಾತ್ರ ಬಿಡುವಂಥದ್ದಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಇಟಲಿ, ಪಾಸ್ತಾ. ಇಂಡಿಯಲ್ಲೋ ಸಿಂದಗಿಯಲ್ಲೋ ಕೂತು ಓದುವವರಿಗೆ ಅದು ಯಾಕೆ? ವಿಜಯಪುರದವರಾಗಿ ನೀವು ಶ್ಯಾವಿಗೆ ಅನ್ನೋ ಪದವನ್ನೇ ಬಳಸಿಲ್ಲವಲ್ಲ! ಬೇಸಿಗೆಯಲ್ಲಿ ಕಣಕ ನಾದಿ, ಎಣ್ಣೆ ಹಚ್ಚಿ, ಮಣೆ ಮೇಲೆ ಹೊಸೆಯುವಾಗ ಎಳೆ ಉದ್ದಕ್ಕೆ ಇಳಿದರೆ ‘ಗೋಧಿ ಚಲೋ ಐತಿ’ ಅಂತಾರೆ, ಕೋಲಿಗೆ ಹಾಕುವ ಮೊದಲೇ ಹರಿದರೆ ಅಂಗಡಿಯವನಿಗೆ ಬೈಗುಳ. ಅದೂ ಗ್ಲುಟನ್ ಪರೀಕ್ಷೆಯೇ ಅಲ್ವಾ?

ಆದರೆ ತಳಿ ಮಾಡುವವರ ಕೈಲಿ ಮೊದಲ ಕೆಲವು ತಲೆಮಾರಿನಲ್ಲಿ ಒಂದು ಗಿಡದ ಒಂದು ಹಿಡಿ ಕಾಳು ಇರುತ್ತೆ ಅಷ್ಟೇ. ಬಿತ್ತೋಕೂ ಅದೇ, ಪರೀಕ್ಷೆಗೂ ಅದೇ. ಈ ಇಕ್ಕಟ್ಟನ್ನು ನೀವು ಐದನೇ ಪುಟದಲ್ಲಿ ಹುಗಿದಿಟ್ಟಿದ್ದೀರಿ. ಅಲ್ಲಿಂದಲೇ ಶುರು ಮಾಡಿ, ಆಮೇಲೆ ಅದಕ್ಕೆ ಪರಿಹಾರವಾದ ಜಾಡಿ ಪರೀಕ್ಷೆಗೆ ಬನ್ನಿ. ಕೆಲವೇ ಗ್ರಾಂ ಹಿಟ್ಟು, ನೀರು, ಎಸ್‌ಡಿಎಸ್ (ಸೋಪಿನಂಥ ಒಂದು ಮಾರ್ಜಕ) ಮತ್ತು ಲ್ಯಾಕ್ಟಿಕ್ ಆಮ್ಲದ ದ್ರಾವಣ, ಗೆರೆ ಎಳೆದ ಗಾಜಿನ ಜಾಡಿ. ಅಲುಗಾಡಿಸಿ ಬಿಟ್ಟರೆ ಗ್ಲುಟನ್‌ನ ಒಂದು ಭಾಗವಾದ ಗ್ಲುಟೆನಿನ್ ಉಬ್ಬಿಕೊಂಡು ನಿಧಾನಕ್ಕೆ ಕೆಳಗೆ ಕೂರುತ್ತೆ. ಬಲ ಜಾಸ್ತಿ ಇದ್ದರೆ ಗಸಿಯ ಎತ್ತರವೂ ಜಾಸ್ತಿ. ‘ಒಂದರಲ್ಲಿ ಮೊಸರಿನಂತೆ ನಿಂತಿತ್ತು, ಪಕ್ಕದ್ದರಲ್ಲಿ ತಳ ಹಿಡಿದಿತ್ತು’ ಅಂತ ಬರೆದಿದ್ದೀರಲ್ಲ, ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡದ್ದು ಅನ್ನಿಸಿದ್ದು ಅದೊಂದೇ ಸಾಲು.

ಇನ್ನು ತಪ್ಪುಗಳು. ಪ್ರೋಟೀನ್ ಜಾಸ್ತಿ ಇದ್ದರೆ ಗ್ಲುಟನ್ ಗಟ್ಟಿ ಅಂತ ಮೂರು ಕಡೆ ಬರೆದಿದ್ದೀರಿ. ಅಲ್ಲ. ಎರೆ ಹೊಲದಲ್ಲಿ ಮಳೆ ಕೈಕೊಟ್ಟು ಕಾಳು ಸೊರಗಿದರೂ ಪ್ರೋಟೀನ್ ಪ್ರಮಾಣ ಏರಬಹುದು. ಬಲ ಹೆಚ್ಚಾಗಿ ತಳಿಯ ಗುಣ. ಡ್ಯೂರಮ್‌ನಲ್ಲಿ 28 ಕ್ರೋಮೋಸೋಮ್, ಬ್ರೆಡ್ ಗೋಧಿಯಲ್ಲಿ 42. ಆ ಹೆಚ್ಚಿನ 14 ಕ್ರೋಮೋಸೋಮಿನ ಗುಂಪು, ಅಂದರೆ ಡಿ ಜೀನೋಮ್, ಇಲ್ಲದ್ದರಿಂದ ಪ್ರೋಟೀನ್ ಚೆನ್ನಾಗಿದ್ದರೂ ಡ್ಯೂರಮ್ ಹಿಟ್ಟು ಬ್ರೆಡ್ಡಿಗೆ ಅಷ್ಟಾಗಿ ಒಗ್ಗಲ್ಲ. ಹಾಗೇ ಗಾಮಾ-ಗ್ಲಯಾಡಿನ್ 45 ಅನ್ನೋ ಗ್ಲುಟನ್ ಪ್ರೋಟೀನ್ ಬಲ ಕೊಡುತ್ತದೆ ಅಂದಿದ್ದೀರಿ. ಅದು ಬರೀ ಗುರುತು, ಕೆಲಸ ಮಾಡೋದು ಅದರ ಜೊತೆಗೇ ಬರುವ ಎಲ್‌ಎಂಡಬ್ಲ್ಯೂ-2 ಅನ್ನೋ ಕಡಿಮೆ ಅಣುತೂಕದ ಗ್ಲುಟೆನಿನ್.

ಕಣಕ ನಾದುವಾಗಿನ ಬಿಗಿ ಅಳೆಯುವ ಯಂತ್ರ ಮಿಕ್ಸೋಗ್ರಾಫ್‌ಗೆ ಎರಡು ಸಾಲು ಸಾಕು. ನಮ್ಮ ಡ್ಯೂರಮ್ ತಳಿ ಬಿಜಗಾ ಯೆಲ್ಲೋ ಈ ಜಾಡಿಯಲ್ಲಿ ಎಷ್ಟು ಎತ್ತರ ನಿಲ್ಲುತ್ತೆ ಅಂತ ಓದುಗರು ಕೇಳೇ ಕೇಳ್ತಾರೆ, ಸಾಧ್ಯವಾದರೆ ನೀವೇ ಮಾಡಿ ನೋಡಿ.

ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಜಾಡಿಗಳ ಫೋಟೋ ಇರಲಿ, ನೀವು ಬಿಳಿ ಕೋಟು ಹಾಕಿ ನಿಂತಿರೋದು ಬೇಡ.