ಎದುರಿಗೆ ಯಾರು ಕೂತಿದ್ದಾರೆ?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ, ವಯಸ್ಸು 45. ಕಾಲೇಜಿನಲ್ಲಿದ್ದಾಗ ನಾಟಕದ ಹುಚ್ಚಿತ್ತು. ಈ ಸಲ ರಾಜ್ಯೋತ್ಸವಕ್ಕೆ ಒಬ್ಬಳೇ ಅರ್ಧ ಗಂಟೆ ಏನಾದರೂ ಮಾಡೋಣ ಅಂತ ಆಸೆ. ಯಾರನ್ನು ಕೇಳಿದರೂ ದ್ರೌಪದಿ ಮಾಡಿ, ಇಲ್ಲಾಂದ್ರೆ ಸೀತೆ ಮಾಡಿ ಅಂತಾರೆ. ಹೊಸದು ಯಾವುದೂ ಇಲ್ವಾ?
– ಒಬ್ಬ ಓದುಗಿ, ತಿಪಟೂರು

ಉತ್ತರ: ಇದೆ ಮೇಡಂ. ಮೊದಲು ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ಓದಿ. ಕನ್ನಡದಲ್ಲಿ ಕತೆ ಬರೆಯುತ್ತಿದ್ದ ಮಂಜುಳಾ ನಾಯಕ್ ಇಂಗ್ಲಿಷಿನಲ್ಲೊಂದು ಕಾದಂಬರಿ ಬರೆದು ಹೆಸರು ಮಾಡಿದ್ದಾಳೆ, ಟೀವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಏಳುತ್ತಾಳೆ, ಅಷ್ಟರಲ್ಲಿ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಮಾತಿಗೆಳೆಯುತ್ತದೆ. ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಮಾಡಿದ ಪಾತ್ರ ಇದು. ಕಷ್ಟ ಎಲ್ಲಿ ಗೊತ್ತಾ? ಬಿಂಬದ ಮಾತು ಮೊದಲೇ ಚಿತ್ರೀಕರಿಸಿದ್ದು. ಜನ ನಕ್ಕು ನಗು ಸ್ವಲ್ಪ ಜಾಸ್ತಿ ಹೊತ್ತು ನಡೆದರೆ ಬಿಂಬ ಕಾಯೋದಿಲ್ಲ, ನೀವು ಬಾಯಿ ತೆರೆಯುವ ಮೊದಲೇ ಅದು ಉತ್ತರ ಕೊಟ್ಟಿರುತ್ತದೆ! ಅರ್ಧ ಗಂಟೆಗೆ ಹಿಡಿಸುವಂಥದ್ದೂ ಅಲ್ಲ. ಆದರೂ ಓದಿ ಅಂತ ಯಾಕೆ ಹೇಳಿದೆ ಅಂದರೆ, ಸ್ವಗತದ ಗುಟ್ಟು ಅದರಲ್ಲಿ ಕಣ್ಣಿಗೆ ಕಾಣುವ ಹಾಗಿದೆ. ಒಬ್ಬರೇ ನಿಂತಿದ್ದರೂ ಎದುರಿಗೆ ಒಬ್ಬರು ಬೇಕು.

ಪುರಾಣ ಬೇಡವೇ ಬೇಡ ಅಂತ ನಾನು ಹೇಳಲ್ಲ. ಬೇಲೂರು ರಘುನಂದನ್ ಬರೆದ, ಉಮಾಶ್ರೀ ಅಭಿನಯಿಸಿದ ‘ಶರ್ಮಿಷ್ಠೆ’ಯೂ ಪುರಾಣದ್ದೇ ಅಲ್ವಾ? ರಾಜನ ಮಗಳಾಗಿ ಹುಟ್ಟಿ ದೇವಯಾನಿಗೆ ದಾಸಿಯಾದವಳು. ಅವಳಿಗೆ ಹೇಳೋದು ಬೇಕಾದಷ್ಟಿದೆ. ಸುಮ್ನೆ ಕಣ್ಣೀರು ಹಾಕಿ ‘ನಾನು ಹೆಣ್ಣು’ ಅಂತ ಕೂಗುವ ಸ್ಕ್ರಿಪ್ಟ್ ಮಾತ್ರ ಬೇಡ.

ನಿಮ್ಮ ಅರ್ಧ ಗಂಟೆಗೆ ನನ್ನ ಸಲಹೆ ಬೇರೆ. ನಿಮ್ಮ ಕೌಂಟರಿನ ಆಚೆ ಕಡೆಯಿಂದಲೇ ಒಂದನ್ನು ಬರೆಯಿಸಿ. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಲು ಬಂದ ಮುದುಕಿ, ಗಾಜಿನ ಆಚೆ ಕೂತ ನಿಮ್ಮ ಜೊತೆ ಮಾತಾಡುತ್ತಾಳೆ, ನೀವು ಆ ಮುದುಕಿ. ಒಂದು ಸ್ಟೂಲು, ಒಂದು ಚೀಲ, ಸಾಕು. ನಮ್ಮ ತಂಡದಲ್ಲಿ ಹೀಗೇ ಅಮ್ಮನಿಗೆ ಫೋನ್ ಮಾಡುವ ಹುಡುಗಿಯ ಸ್ವಗತ ಒಂದಿತ್ತು. ಆ ಹುಡುಗಿ ಆಚೆಯವರಿಗೆ ಉಸಿರಾಡಲೂ ಬಿಡದೆ ಗಡಗಡ ಒಪ್ಪಿಸುತ್ತಿದ್ದಳು. ನಾಲ್ಕು ದಿನ ತಾಲೀಮಿನಲ್ಲಿ ಪರದೆ ಹಿಂದೆ ಕೂತು ನಾನೇ ಅಮ್ಮನಾದೆ, ‘ಊಟ ಆಯ್ತಾ, ಏನು ಮಾಡಿದ್ದೆ’ ಅಂತ ಕೇಳುತ್ತಿದ್ದೆ. ಐದನೇ ದಿನ ಸುಮ್ಮನಿದ್ದೆ. ‘ಚಿತ್ರಾನ್ನ’ ಅನ್ನುವ ಮುಂಚೆ ಅವಳು ತಾನಾಗಿ ಮಾತು ನಿಲ್ಲಿಸಿದಳು, ಸರಿಯಾಗಿ ನನ್ನ ಪ್ರಶ್ನೆಯಷ್ಟು ಹೊತ್ತು.

ಪ್ರಶ್ನೆ: ಅಂತರ ಕಾಲೇಜು ಸ್ಪರ್ಧೆಗೆ 20 ನಿಮಿಷದ್ದು ಬೇಕು ಸಾರ್. ಹುಡುಗ ಒಬ್ಬನೇ. ಅನುಮತಿ ಗಿನುಮತಿ ಬೇಕಾಗುತ್ತಾ?
– ಕನ್ನಡ ಉಪನ್ಯಾಸಕ, ಹಾವೇರಿ

ಉತ್ತರ: ರಷ್ಯಾದ ಲೇಖಕ ಚೆಕಾವ್ ಬರೆದ ತಂಬಾಕು ಭಾಷಣದ ಏಕಾಂಕ ಮಾಡಿಸಿ. ಹಳೇದು, 1886ರಲ್ಲಿ ಬರೆದು ಆಮೇಲೆ ತಿದ್ದುತ್ತಲೇ ಇದ್ದದ್ದು, ಆದರೆ ನಿಮ್ಮ ಹುಡುಗರಿಗೆ ಹೊಸದೇ. ತಂಬಾಕಿನ ಹಾನಿ ಬಗ್ಗೆ ಭಾಷಣ ಮಾಡು ಅಂತ ಹೆಂಡತಿ ಕಳಿಸಿದ್ದಾಳೆ, ಬಂದವನೋ ಸ್ವತಃ ಸೇದುವವನು. ತಂಬಾಕು ಬಿಟ್ಟು ಸಂಸಾರದ ಗೋಳು ಶುರು ಮಾಡುತ್ತಾನೆ, ಹೆಣ್ಣುಮಕ್ಕಳು ಎಷ್ಟು ಅನ್ನೋದರಲ್ಲೂ ಗೊಂದಲ. ಕೊನೆಗೆ ಹಳೇ ಕೋಟು ಕಿತ್ತೆಸೆದು ತುಳಿಯುತ್ತಾನೆ, ಅಷ್ಟರಲ್ಲಿ ರಂಗದ ಪಕ್ಕದ ಮರೆಯಲ್ಲಿ ಹೆಂಡತಿ ಕಾಣುತ್ತಾಳೆ, ಕೋಟು ಹಾಕಿಕೊಂಡು ಮತ್ತೆ ತಂಬಾಕಿಗೇ ಬರುತ್ತಾನೆ. ಪ್ರೇಕ್ಷಕರೇ ಸಭಿಕರು, ಸೆಟ್ಟು ಅಂದರೆ ಒಂದು ಮೇಜು.

ಅನುಮತಿ ವಿಷಯ. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಚೆಕಾವ್ 1904ರಲ್ಲೇ ಹೋದರು, ಕೈಲಾಸಂ 1946ರಲ್ಲಿ, ಅವರಿಬ್ಬರದು ಈಗ ಎಲ್ಲರದು. ಕುವೆಂಪು ತೀರಿಕೊಂಡಿದ್ದು 1994, ಹಾಗಾಗಿ ‘ಜಲಗಾರ’ಕ್ಕೆ ಇನ್ನೂ ಹಕ್ಕಿದೆ. ಎಷ್ಟೋ ಜನ ಮರೆಯೋದು ಅನುವಾದಕರನ್ನು. ಚೆಕಾವ್ ಮುಕ್ತ, ಆದರೆ ನೀವು ಹಿಡಿದ ಕನ್ನಡ ಅನುವಾದ ಮುಕ್ತವಲ್ಲದೆ ಇರಬಹುದು. ಟಿಕೆಟ್ ಇಲ್ಲದೆ ಹವ್ಯಾಸಿ ತಂಡ ಮಾಡಿದರೆ ಕಾಯಿದೆಯಲ್ಲೇ ವಿನಾಯಿತಿ ಇದೆ. ಇದ್ದರೂ ಲೇಖಕರಿಗೊಂದು ಫೋನ್ ಮಾಡಿ. ಖುಷಿಯಾಗುತ್ತಾರೆ, ಒಮ್ಮೊಮ್ಮೆ ನೋಡಲೂ ಬರುತ್ತಾರೆ.

ಪ್ರಶ್ನೆ: ಏಕವ್ಯಕ್ತಿ ನಾಟಕದಲ್ಲಿ ಮಾತು ಮರೆತರೆ ಏನು ಗತಿ?
– ಒಬ್ಬ ಓದುಗ, ಕುಂದಾಪುರ

ಉತ್ತರ: ಹತ್ತಿರ ಒಂದು ಲೋಟ ನೀರಿಟ್ಟುಕೊಳ್ಳಿ, ಮರೆತಾಗ ನಿಧಾನ ಕುಡಿಯಿರಿ, ಅಷ್ಟರಲ್ಲಿ ನೆನಪಾಗುತ್ತದೆ. ನನ್ನ ಗೆಳೆಯ ಒಬ್ಬ ಇಡೀ ಲೋಟ ಕುಡಿದ, ನೆನಪಾಗಲಿಲ್ಲ. ತಂಬಿಗೆಯಿಂದ ಬಗ್ಗಿಸಿ ಇನ್ನೊಂದು ಲೋಟ ಕುಡಿದ. ಮೂರನೆಯದಕ್ಕೆ ಬಗ್ಗಿಸುವಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು, ‘ಪಾಪ, ಎಷ್ಟು ದೂರದಿಂದ ನಡೆದು ಬಂದನೋ’ ಅಂದರು.