ಊರಿಗೆ ಶಾಲೆ ಬಂದರೆ ಸಂಬಳ ಏರುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮಕ್ಕಳನ್ನು ಓದಿಸಿ, ಮುಂದೆ ಒಳ್ಳೆ ಸಂಬಳ ಸಿಗುತ್ತೆ ಅಂತ ಪೋಷಕರಿಗೆ ಹೇಳುತ್ತಿರುತ್ತೇವೆ. ಮೊನ್ನೆ ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬರು ಎದ್ದು ನಿಂತು, "ಚುರುಕಾದ ಹುಡುಗರೇ ಮುಂದಕ್ಕೆ ಓದ್ತಾರೆ. ಅವರು ಓದದೇ ಇದ್ದಿದ್ರೂ ನಾಲ್ಕು ಕಾಸು ದುಡೀತಿದ್ರು. ಇದರಲ್ಲಿ ಶಾಲೆಯದ್ದೇನು ಬಂತು?" ಅಂದರು. ಉತ್ತರ ಹೊಳೆಯಲಿಲ್ಲ. ನೀವೇ ಹೇಳಿ.
— ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಮೇಷ್ಟ್ರೇ, ಆ ಪೋಷಕರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಕೇಳಿದ್ದು ಅರ್ಥಶಾಸ್ತ್ರಜ್ಞರನ್ನು ದಶಕಗಳ ಕಾಲ ಕಾಡಿದ ಪ್ರಶ್ನೆ. ಓದಿದವರ ಸಂಬಳವನ್ನೂ ಓದದವರ ಸಂಬಳವನ್ನೂ ಪಕ್ಕಪಕ್ಕ ಇಟ್ಟರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಮನೆಯ ಅನುಕೂಲ, ಹುಟ್ಟಿನ ಚುರುಕು, ಅಪ್ಪ ಅಮ್ಮನ ಕಾಳಜಿ ಎಲ್ಲವೂ ಆ ಲೆಕ್ಕದಲ್ಲಿ ಕಲೆಸಿಹೋಗಿರುತ್ತವೆ.

ನನ್ನ ಮಟ್ಟಿಗೆ ಇದಕ್ಕೆ ಸಿಕ್ಕ ಅತ್ಯಂತ ಚೆಂದದ ಉತ್ತರ ಇಂಡೋನೇಷ್ಯಾದ್ದು. 1973ರಲ್ಲಿ ತೈಲದ ಬೆಲೆ ಏರಿ ಆ ದೇಶದ ಬೊಕ್ಕಸ ತುಂಬಿತು. ಅಧ್ಯಕ್ಷ ಸುಹಾರ್ತೊ ಸರ್ಕಾರ ಆ ಹಣದಲ್ಲಿ ಒಂದು ಪಾಲನ್ನು ಪ್ರಾಥಮಿಕ ಶಾಲೆ ಕಟ್ಟಲು ಹಾಕಿತು. ಐದಾರು ವರ್ಷದೊಳಗೆ 61,000ಕ್ಕೂ ಹೆಚ್ಚು ಶಾಲೆಗಳು ಎದ್ದವು. ಒಂದೊಂದಕ್ಕೂ ಮೂವರು ಶಿಕ್ಷಕರು, 120 ಮಕ್ಕಳು ಅನ್ನುವ ಲೆಕ್ಕ. ಇವಕ್ಕೆ 'ಇನ್‌ಪ್ರೆಸ್' (ಅಂದರೆ ಅಧ್ಯಕ್ಷರ ಆದೇಶದ) ಶಾಲೆ ಅಂತಲೇ ಹೆಸರು. ಎಲ್ಲಿ ಶಾಲೆಗೆ ಸೇರದ ಮಕ್ಕಳು ಜಾಸ್ತಿ ಇದ್ದರೋ ಅಲ್ಲಿಗೆ ಜಾಸ್ತಿ ಶಾಲೆ ಕೊಟ್ಟರು.

ಎಸ್ತರ್ ಡುಫ್ಲೊ ಅನ್ನುವ ಫ್ರೆಂಚ್ ವಿದ್ಯಾರ್ಥಿನಿ ಅಮೆರಿಕದ ಎಂಐಟಿಯಲ್ಲಿ ಪಿಎಚ್‌ಡಿ ಮಾಡುವಾಗ ಇದನ್ನು ಕೈಗೆತ್ತಿಕೊಂಡರು. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಮೈಕಲ್ ಕ್ರೆಮರ್ ಜೊತೆ ನೊಬೆಲ್ ಪಡೆದವರು ಇವರೇ. ಅವರು ಹೂಡಿದ ಉಪಾಯ ನೋಡಿ. 1974ರಲ್ಲಿ 2ರಿಂದ 6 ವರ್ಷದವರಾಗಿದ್ದ ಮಕ್ಕಳಿಗೆ ಹೊಸ ಶಾಲೆ ಸಿಕ್ಕಿತು. ಆಗಲೇ 12ರಿಂದ 17 ವರ್ಷವಾಗಿದ್ದವರಿಗೆ ಪ್ರಾಥಮಿಕ ಶಾಲೆಯ ವಯಸ್ಸು ದಾಟಿಹೋಗಿತ್ತು. ಯಾವ ವರ್ಷ ಹುಟ್ಟಬೇಕು, ಯಾವ ಜಿಲ್ಲೆಯಲ್ಲಿ ಹುಟ್ಟಬೇಕು ಅಂತ ಯಾವ ಮಗುವೂ ಆರಿಸಿಕೊಂಡಿರಲಿಲ್ಲ ಅಲ್ವಾ? ಚುರುಕು ಮಕ್ಕಳು ಒಂದೇ ವರ್ಷ, ಒಂದೇ ಜಿಲ್ಲೆಯಲ್ಲಿ ಗುಂಪಾಗಿ ಹುಟ್ಟುವುದೂ ಇಲ್ಲ.

ಕಾಲೇಜಿನಲ್ಲಿ ಪಾಠ ಮಾಡುವಾಗ ನಾನು ಇದಕ್ಕೆ ಬೋರ್ಡ್ ಮೇಲೆ ನಾಲ್ಕು ಮನೆ ಬರೆಯುತ್ತಿದ್ದೆ. ನೀವೂ ಒಂದು ಚೀಟಿಯ ಮೇಲೆ ಬರೆದುಕೊಳ್ಳಿ. ಸಂಬಳಕ್ಕೆ ದುಡಿಯುವ ಗಂಡಸರು ಸರಾಸರಿ ಎಷ್ಟು ವರ್ಷ ಓದಿದ್ದಾರೆ ಅನ್ನುವ ಲೆಕ್ಕ ಇದು. 1974ರಲ್ಲಿ 12ರಿಂದ 17 ವರ್ಷವಾಗಿದ್ದವರನ್ನು ದೊಡ್ಡವರು, 2ರಿಂದ 6 ವರ್ಷದವರಾಗಿದ್ದವರನ್ನು ಚಿಕ್ಕವರು ಅನ್ನೋಣ. ಹೆಚ್ಚು ಶಾಲೆ ಕಟ್ಟಿದ ಜಿಲ್ಲೆಗಳಲ್ಲಿ ದೊಡ್ಡವರು 8.02 ವರ್ಷ ಓದಿದ್ದರು, ಚಿಕ್ಕವರು 8.49. ಕಡಿಮೆ ಶಾಲೆ ಕಟ್ಟಿದ ಕಡೆ ದೊಡ್ಡವರು 9.40, ಚಿಕ್ಕವರು 9.76. ಎರಡೂ ಕಡೆ ಓದು ಏರಿದೆ, ಕಾಲ ಮುಂದೆ ಹೋದಂತೆ ಏರಲೇಬೇಕು. ಆದರೆ ಹೆಚ್ಚು ಶಾಲೆ ಬಂದ ಕಡೆ ಒಂದು ವರ್ಷದ ಹತ್ತರಲ್ಲೊಂದು ಭಾಗದಷ್ಟು ಹೆಚ್ಚಿಗೆ ಏರಿದೆ. ಆ ಹೆಚ್ಚಿಗೆಯೇ ಶಾಲೆಯ ಪಾಲು.

"ಹಿಂದುಳಿದ ಜಿಲ್ಲೆಗಳು ಹೇಗೂ ಬೇಗ ಮೇಲೆ ಬರುತ್ತಿದ್ದವೇನೋ?" ಅಂತ ನಿಮ್ಮ ಆ ಪೋಷಕರು ಮತ್ತೆ ಕೇಳಬಹುದು. ಡುಫ್ಲೊ ಅದನ್ನೂ ಬಿಟ್ಟಿಲ್ಲ. ಹೊಸ ಶಾಲೆಯ ಭಾಗ್ಯ ಕಾಣದ ಎರಡು ಗುಂಪುಗಳನ್ನು, ಅಂದರೆ 12ರಿಂದ 17ರವರನ್ನೂ 18ರಿಂದ 24ರವರನ್ನೂ, ಹೀಗೆಯೇ ಹೋಲಿಸಿದರು. ಮುಂದೆ ಹೆಚ್ಚು ಶಾಲೆ ಬಂದ ಕಡೆ ಓದು ಏರಿದ್ದು 0.32 ವರ್ಷ, ಕಡಿಮೆ ಬಂದ ಕಡೆ 0.28. ಹೆಚ್ಚುಕಮ್ಮಿ ಒಂದೇ. ಅಂದರೆ ಶಾಲೆ ಬರುವ ಮುಂಚೆ ಆ ಜಿಲ್ಲೆಗಳೇನೂ ಓಡುತ್ತಿರಲಿಲ್ಲ. ಇಡೀ ಅಧ್ಯಯನದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ತನ್ನ ಮಾತು ಸುಳ್ಳಾಗಬಹುದಾದ ಕಡೆಗೇ ಹೋಗಿ ಪರೀಕ್ಷೆ ಮಾಡುವುದು ಅಂದರೆ ಇದೇ.

2001ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ. ಸಾವಿರ ಮಕ್ಕಳಿಗೆ ಒಂದು ಹೊಸ ಶಾಲೆ ಕಟ್ಟಿದರೆ ಓದು 0.12ರಿಂದ 0.19 ವರ್ಷ ಹೆಚ್ಚಿತು. ಆ ಮಕ್ಕಳು ದೊಡ್ಡವರಾದ ಮೇಲೆ ಕೂಲಿ, ಸಂಬಳ ಶೇ. 1.5ರಿಂದ 2.7ರಷ್ಟು ಹೆಚ್ಚಿತು. ಒಂದು ವರ್ಷ ಹೆಚ್ಚು ಓದಿದ್ದಕ್ಕೆ ಗಳಿಕೆ ಸುಮಾರು ಶೇ. 6.8ರಿಂದ 10.6ರಷ್ಟು ಏರಿತು ಅಂತಾಯಿತು. ಇತ್ತೀಚೆಗೆ ಡೇವಿಡ್ ರೂಡ್‌ಮನ್ ಇದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿ, ಸಂಬಳದ ಅಂದಾಜು ಮೊದಲು ಕಂಡಷ್ಟು ಗಟ್ಟಿಯಾಗಿಲ್ಲ ಅಂದಿದ್ದಾರೆ. ಹಾಗಾಗಿ ಸಭೆಯಲ್ಲಿ ಶೇಕಡಾವಾರನ್ನು ಗಂಟಲು ಹರಿಯುವಂತೆ ಹೇಳಬೇಡಿ. ಶಾಲೆ ಹತ್ತಿರ ಬಂದಾಗ ಸಾಮಾನ್ಯ ಮನೆಯ ಮಕ್ಕಳು ಹೆಚ್ಚು ಓದಿದರು ಅನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳಿ.

ಪ್ರಶ್ನೆ: ಬಿ.ಕಾಂ. ಮುಗಿಸಿ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದೇನೆ. ನಮ್ಮ ತಂದೆಯ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರೆ ಗೌರವ, ನೌಕರಿ ಎರಡೂ ಇತ್ತು. ಎಲ್ಲರೂ ಓದಿದರೆ ಓದಿಗೆ ಬೆಲೆ ಎಲ್ಲಿ ಉಳಿಯುತ್ತೆ?
— ಯುವ ಓದುಗ, ರಾಣೆಬೆನ್ನೂರು

ಉತ್ತರ: ತಮ್ಮಾ, ನಿನ್ನ ಬೇಸರ ಸುಮ್ನೆ ಹುಟ್ಟಿದ್ದಲ್ಲ. ಇಂಡೋನೇಷ್ಯಾದ ಅದೇ ಜಿಲ್ಲೆಗಳಿಗೆ ಡುಫ್ಲೊ ಮತ್ತೆ ಹೋದರು. ಇನ್‌ಪ್ರೆಸ್ ಶಾಲೆಯಲ್ಲಿ ಓದಿದ ಹುಡುಗರು ಕೆಲಸಕ್ಕೆ ಬಂದಾಗ, ಆ ಶಾಲೆ ಸಿಗದ ಹಿರಿಯರ ಗತಿ ಏನಾಯಿತು ಅಂತ ನೋಡಿದರು. 2004ರ ಆ ಅಧ್ಯಯನದಲ್ಲಿ ಕಂಡದ್ದು ಇಷ್ಟು: ಓದಿದ ಕಿರಿಯರು ಹೆಚ್ಚಾದ ಕಡೆ ಹಿರಿಯರ ಕೂಲಿ ಬೇರೆ ಕಡೆಗಿಂತ ಹಿಂದೆ ಬಿತ್ತು. ಕೆಲಸಗಾರರು ಬೇಗ ಹೆಚ್ಚಾದರು. ಕಾರ್ಖಾನೆ, ಬಂಡವಾಳ ಅಷ್ಟೇ ಬೇಗ ಬರಲಿಲ್ಲ.

ಶಾಲೆ ಕಟ್ಟಿಸುವವರೇ ಕೆಲಸ ಹುಟ್ಟುವ ದಾರಿಯನ್ನೂ ಯೋಚಿಸಬೇಕು. ಇದನ್ನು ನಾನು ಕೋಪದಿಂದಲೇ ಬರೆಯುತ್ತಿದ್ದೇನೆ. ನಿನ್ನ ವಯಸ್ಸಿನವರಿಗೆ ಡಿಗ್ರಿ ಕೊಟ್ಟು ಕೈತೊಳೆದುಕೊಂಡವರು ಅರ್ಧ ಕೆಲಸ ಮಾತ್ರ ಮಾಡಿದ್ದಾರೆ. ಆದರೆ ಒಂದು ಮಾತು ಗಮನಿಸು. ಎಲ್ಲರೂ ಓದುತ್ತಿರುವಾಗ ನೀನೊಬ್ಬ ಓದದೇ ಉಳಿದಿದ್ದರೆ, ಆ ಹಿರಿಯರ ಜಾಗದಲ್ಲಿ ನೀನಿರುತ್ತಿದ್ದೆ. ಬಿಲ್ಲಿಂಗ್ ಮಾಡುತ್ತಲೇ ಜಿಎಸ್‌ಟಿ ರಿಟರ್ನ್ಸ್, ಟ್ಯಾಲಿ ಕೈಗೆ ಹತ್ತಿಸಿಕೊ. ನಿನ್ನ ಬಿ.ಕಾಂ.ಗೆ ಅದು ಹತ್ತಿರದ ಮೆಟ್ಟಿಲು.

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ. ಓದಿಸುವ ಆಸೆ ನನಗಿದೆ. ಮನೆಯವರು, "ಮದುವೆ ಮಾಡಿ ಕಳಿಸೋದಕ್ಕೆ ಇನ್ನೆಷ್ಟು ಓದು ಬೇಕು" ಅಂತಾರೆ. ಹೆಣ್ಣುಮಕ್ಕಳ ಬಗ್ಗೆ ಇಂಥ ಅಧ್ಯಯನ ಏನಾದರೂ ಇದೆಯಾ?
— ಒಬ್ಬ ತಾಯಿ, ಸಿಂಧನೂರು

ಉತ್ತರ: ಇದೆ ತಾಯಿ. ಇಂಡೋನೇಷ್ಯಾದ ಅವೇ ಶಾಲೆಗಳಿಂದ ಹೆಣ್ಣುಮಕ್ಕಳ ಓದು ಎಲ್ಲ ಕಡೆ ಒಂದೇ ಥರ ಏರಲಿಲ್ಲ. ನವಾ ಅಶ್ರಫ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡುವ ಪದ್ಧತಿ ಇದ್ದ ಸಮುದಾಯಗಳಲ್ಲಿ ಮಾತ್ರ ಹುಡುಗಿಯರು ಹೆಚ್ಚು ಓದಿದರು. ಅಲ್ಲಿ ಓದಿದ ಹುಡುಗಿಗೆ ತೆರ ಹೆಚ್ಚು. ಓದಿಸಿದ ಅಪ್ಪ ಅಮ್ಮನಿಗೂ ಅದರಲ್ಲಿ ಪಾಲು ಸಿಗುತ್ತಿತ್ತು. ಓದಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ದೊಡ್ಡವರು. ಲಾಭ ಕಂಡರೆ ಅವರು ಓದಿಸುತ್ತಾರೆ. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಹಣ ಉಲ್ಟಾ ಹರಿಯುವ, ವರದಕ್ಷಿಣೆ ಕೊಡುವ ನಮ್ಮ ಮನೆಗಳ ನೆನಪಾಯಿತು.

ಇನ್ನೊಂದು ಅಧ್ಯಯನ ನಮ್ಮ ದೇಶದ್ದೇ. ರಾಬರ್ಟ್ ಜೆನ್ಸನ್ ಉತ್ತರ ಭಾರತದ 160 ಹಳ್ಳಿಗಳನ್ನು ತೆಗೆದುಕೊಂಡರು. ಅದರಲ್ಲಿ ಚೀಟಿ ಎತ್ತಿದ ಹಾಗೆ 80 ಹಳ್ಳಿ ಆರಿಸಿ, ಅಲ್ಲಿಗೆ ಮೂರು ವರ್ಷ ಬಿಪಿಒ (ಕಾಲ್ ಸೆಂಟರ್‌ನಂಥ) ಕಂಪನಿಗಳ ಪರವಾಗಿ ಕೆಲಸಕ್ಕೆ ಜನ ಹುಡುಕುವವರನ್ನು ಕಳಿಸಿದರು. ಹೆಣ್ಣುಮಕ್ಕಳಿಗೆ ಯಾವ ಕೆಲಸ ಇದೆ, ಅದಕ್ಕೆ ಏನು ಓದಿರಬೇಕು, ಸಂದರ್ಶನದಲ್ಲಿ ಹೇಗೆ ಮಾತಾಡಬೇಕು ಅಂತ ಅವರು ಕೂತು ಹೇಳಿಕೊಟ್ಟರು. ಆ ಹಳ್ಳಿಗಳಲ್ಲಿ 15ರಿಂದ 21 ವರ್ಷದ ಹುಡುಗಿಯರ ಮದುವೆ, ಬಾಣಂತನ ಮುಂದಕ್ಕೆ ಹೋಯಿತು. ಅವರು ಕೆಲಸಕ್ಕೋ ತರಬೇತಿಗೋ ಸೇರಿದರು. ಅದಕ್ಕಿಂತ ಚಿಕ್ಕ ಹುಡುಗಿಯರು ಶಾಲೆಯಲ್ಲಿ ಹೆಚ್ಚು ಉಳಿದರು. ಅವರ ಮೈಯೂ ಮೊದಲಿಗಿಂತ ತುಂಬಿಕೊಂಡಿತ್ತು. ಮಗಳು ನಾಳೆ ದುಡಿಯುತ್ತಾಳೆ ಅನ್ನುವ ನಂಬಿಕೆ ಬಂದ ಮನೆಯಲ್ಲಿ ಅವಳ ತಟ್ಟೆಗೂ ಇನ್ನಷ್ಟು ಊಟ ಬಿತ್ತು ಅಂತ ನಾನು ತಿಳಿದುಕೊಂಡಿದ್ದೇನೆ.

ಯಜಮಾನರ ಜೊತೆ ಓದಿನ ದೊಡ್ಡತನದ ಬಗ್ಗೆ ವಾದ ಮಾಡಬೇಡಿ. ನಿಮ್ಮ ಊರಿನಿಂದಲೇ ಹೋಗಿ ನರ್ಸ್, ಬ್ಯಾಂಕ್ ಗುಮಾಸ್ತೆ, ಲ್ಯಾಬ್ ಟೆಕ್ನಿಷಿಯನ್ ಆಗಿರುವ ಹುಡುಗಿ ಯಾರಾದರೂ ಇದ್ದರೆ, ಹಬ್ಬಕ್ಕೆ ಬಂದಾಗ ಮನೆಗೆ ಕರೆಯಿರಿ. ಎಲ್ಲಿ ಉಳಿದುಕೊಂಡಿದ್ದಾಳೆ, ಎಷ್ಟು ಸಂಬಳ, ಊರಿಗೆ ಎಷ್ಟು ಕಳಿಸುತ್ತಾಳೆ ಅಂತ ಅವಳ ಬಾಯಲ್ಲೇ ಹೇಳಿಸಿ.

ಪ್ರಶ್ನೆ: ಬೆಂಗಳೂರಿನ ಐಟಿ ಕೆಲಸಗಳಿಂದ ನಮ್ಮಂಥ ಸಣ್ಣ ಊರಿನ ಶಾಲೆಗಳಿಗೆ ಏನಾದರೂ ಆಗಿದೆಯೇ?
— ಓದುಗರು, ಚಿಂತಾಮಣಿ

ಉತ್ತರ: ಎಮಿಲಿ ಆಸ್ಟರ್ ಮತ್ತು ಬ್ರೈಸ್ ಸ್ಟೈನ್‌ಬರ್ಗ್ ಕರ್ನಾಟಕ, ಆಂಧ್ರ, ತಮಿಳುನಾಡಿನ ಶಾಲೆಗಳ ದಾಖಲಾತಿ ತೆಗೆದು ನೋಡಿದ್ದಾರೆ. ಹತ್ತಿರದಲ್ಲಿ ಕಾಲ್ ಸೆಂಟರ್‌ನಂಥ ಒಂದು ಹೊಸ ಕೇಂದ್ರ ತೆರೆದರೆ ಶಾಲೆಗೆ ಸೇರುವ ಮಕ್ಕಳು ಶೇ. 5.7ರಷ್ಟು ಹೆಚ್ಚಿದರು. ಪರಿಣಾಮ ತೀರಾ ಹತ್ತಿರದ ಶಾಲೆಗಳಲ್ಲಷ್ಟೇ ಕಂಡಿತು. ಅದೂ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಮಾತ್ರ. ಬೆಂಗಳೂರಿನ ಗಾಜಿನ ಕಟ್ಟಡಗಳು ನಿಮ್ಮ ಊರಿನ ಮಗುವಿನ ಕಣ್ಣಿಗೆ ತಾವಾಗಿಯೇ ಬೀಳುವುದಿಲ್ಲ. ನಿಮ್ಮ ಕನ್ನಡ ಶಾಲೆಯಲ್ಲಿ ಒಳ್ಳೆಯ ಇಂಗ್ಲಿಷ್ ಮೇಷ್ಟ್ರು ಇದ್ದಾರೆಯೇ ಅಂತ ಮೊದಲು ವಿಚಾರಿಸಿ. ಇಲ್ಲದಿದ್ದರೆ ಬಿಇಒ ಕಚೇರಿಗೆ ಊರವರೆಲ್ಲ ಸೇರಿ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಂಡೇ ಬನ್ನಿ.